ಟ್ರೀಗೆ ಪುಸ್ತಕ ತೂಗುಹಾಕುವ ಮುಂಚೆ

ಮಂಗಳೂರು
ಡಿಸೆಂಬರ್ 2

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನೀನು ಕಳಿಸಿದ ಫೋಟೊ ನೋಡಿದೆ. ಮನೆಯಲ್ಲಿ ಎಲ್ಲರಿಗೂ ಇಷ್ಟವಾದ ಪುಸ್ತಕಗಳ ಮುಖಪುಟವನ್ನು ಬೆಂಕಿಪೆಟ್ಟಿಗೆ ಗಾತ್ರಕ್ಕೆ ಪ್ರಿಂಟ್ ಹಾಕಿಸಿ, ರಟ್ಟಿಗೆ ಅಂಟಿಸಿ ಕ್ರಿಸ್ಮಸ್ ಟ್ರೀಗೆ ಕಟ್ಟುವ ಯೋಚನೆ ಅಂದಿದ್ದೀ. ಚೆಂದ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮುಖಪುಟ ಅಂಟಿಸಲು ಪುಸ್ತಕ ಓದಿರಲೇಬೇಕು ಅಂತೇನೂ ಇಲ್ಲವಲ್ಲ ಮಾರಾಯ್ತಿ!

ನನ್ನ ಮಾತು ಕೇಳುವುದಾದರೆ ಮಗಳನ್ನು ಕೂರಿಸಿಕೊಂಡು, ಪುಸ್ತಕ ತೆರೆಯದೆ, ಅದರಲ್ಲಿ ಏನು ನೆನಪಿದೆ ಅಂತ ಕೇಳು. ಯಾವುದೋ ಛತ್ರಿ, ಬೀಗದ ಕೈ, ಹರಿದ ಚಪ್ಪಲಿ ಅಂದರೆ ಅದನ್ನೇ ಮಾಡಿ. ಮುಖ್ಯ ಪಾತ್ರ ಬಿಟ್ಟು ಇದೇನು ಹೇಳುತ್ತಿದ್ದಾಳೆ ಅಂತ ತಿದ್ದಲು ಹೋಗಬೇಡ. ಓದಿದವರಿಗೆ ಮಾತ್ರ ಗುರುತು ಸಿಗುವಂಥದ್ದು ಟ್ರೀ ಮೇಲಿರಲಿ. ಬಂದವರು ಕೇಳುತ್ತಾರೆ, ಅವಳು ಕಥೆ ಹೇಳುತ್ತಾಳೆ.

ನಿನ್ನ ಪಾಲಿಗೆ ತೇಜಸ್ವಿಯವರ 'ಕರ್ವಾಲೊ' ಇದೆಯಲ್ಲ. 1980ರ ಪುಸ್ತಕ, ನಿನ್ನ ಪ್ರತಿಯ ಬೆನ್ನು ಕಿತ್ತುಹೋಗುವಷ್ಟು ಓದಿದ್ದೀ. ಅದರ ಹಾರುವ ಓತಿಗಿಂತ ಒಳ್ಳೆಯ ಬೊಂಬೆ ಎಲ್ಲಿ ಸಿಗುತ್ತದೆ? ಹಳೆಯ ಮದುವೆ ಕಾಗದದ ದಪ್ಪ ಹಾಳೆ ತೆಗೆದುಕೊ. ಉದ್ದ ಬಾಲದ ಸಪೂರ ಮೈ ಕತ್ತರಿಸು. ಓತಿಯ ರೆಕ್ಕೆ ಅಂದರೆ ಹಕ್ಕಿಯ ರೆಕ್ಕೆಯ ಹಾಗಲ್ಲ. ಪಕ್ಕೆಲುಬುಗಳೇ ಉದ್ದಕ್ಕೆ ಚಾಚಿಕೊಂಡು, ಅದರ ಮೇಲೆ ಚರ್ಮ ಹರಡಿಕೊಂಡಿರುತ್ತದೆ. ಹಾಗಾಗಿ ಹಿಡಿಸೂಡಿಯ ಕಡ್ಡಿ ಸೀಳಿ, ಒಂದೊಂದು ಪಕ್ಕಕ್ಕೆ ಐದಾರು ತುಂಡು ಬೀಸಣಿಗೆಯಂತೆ ಅಂಟಿಸಿ, ಮೇಲೆ ತೆಳು ಟಿಶ್ಯೂ ಕಾಗದ ಹಾಕು. ಮೈಗೆ ಮರದ ತೊಗಟೆಯ ಬೂದುಗಂದು. ರೆಕ್ಕೆಗೆ ಕಿತ್ತಳೆ, ನಡುನಡುವೆ ಕಪ್ಪು ಮಚ್ಚೆ. ಗಂಡು ಓತಿಯಾದರೆ ಗಂಟಲ ಕೆಳಗೆ ನಿಂಬೆಹಳದಿಯ ಒಂದು ಚೀಲ ಇಳಿಬಿಡು, ಅದನ್ನು ಮರೆಯಬೇಡ. ನಮ್ಮ ಕಡೆ ಅಡಿಕೆ ತೋಟದಲ್ಲಿ ನಿಂತು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಆ ಹಳದಿಯೇ.

ಇಂಥ ಎರಡು ಮಾಡು. ಒಂದು ರೆಕ್ಕೆ ಬಿಚ್ಚಿ ದಾರದಲ್ಲಿ ತೇಲುತ್ತಿರಲಿ. ಇನ್ನೊಂದನ್ನು ರೆಕ್ಕೆ ಮಡಚಿ, ಒಳಗಡೆ ಕಾಂಡಕ್ಕೇ ಅಂಟಿಸಿಬಿಡು. ಹೇಳಬೇಡ. ಹುಡುಕಿದವರಿಗೆ ಮಾತ್ರ ಕಾಣಲಿ. ಕಾದಂಬರಿಯಲ್ಲಿ ಅವರೆಲ್ಲ ಕಾಡು ಸುತ್ತಿದ್ದು ಅದಕ್ಕೇ ಅಲ್ವಾ?

ಮಗಳಿಗೆ ಶಾಲೆಯಲ್ಲಿ ಡಿಕನ್ಸ್‌ನ 'ಎ ಕ್ರಿಸ್ಮಸ್ ಕ್ಯಾರಲ್' ಕಥೆ ಹೇಳಿದ್ದಾರೆ ಅಂದೆ. ಅದರಲ್ಲಿ ದೆವ್ವವಾಗಿ ಬರುವ ಮಾರ್ಲಿಯ ಸರಪಳಿ ಮಾಡಿ. ಬಣ್ಣದ ಕಾಗದದ ಕೊಂಡಿ ಪೋಣಿಸಿ ಸರ ಮಾಡುವುದು ಮಕ್ಕಳಿಗೆ ಗೊತ್ತೇ ಇರುತ್ತದೆ. ಇದಕ್ಕೆ ಕಪ್ಪು ಕಾಗದ ಸಾಕು. ನಡುವೆ ಹಣದ ಪೆಟ್ಟಿಗೆ, ಬೀಗ, ಕೀಲಿಕೈ, ಲೆಕ್ಕದ ಪುಸ್ತಕ ತೂಗುಬಿಡಿ. ಜಿಪುಣ ಸತ್ತ ಮೇಲೂ ಎಳೆದುಕೊಂಡು ತಿರುಗುವುದು ಅವನ್ನೇ. ಆ ಪುಸ್ತಕ ಲಂಡನ್ನಿನಲ್ಲಿ ಹೊರಬಂದದ್ದು 1843ರ ಡಿಸೆಂಬರ್ 19ಕ್ಕೆ. ಅದೇ ವರ್ಷ ಜುಲೈಯಲ್ಲಿ ನಮ್ಮೂರಲ್ಲಿ ಮೋಗ್ಲಿಂಗ್ ಪಾದ್ರಿಗಳು 'ಮಂಗಳೂರ ಸಮಾಚಾರ' ಶುರುಮಾಡಿದ್ದರು. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಿಸಿದ್ದು. ಸರಪಳಿಯ ತುದಿಗೆ ಅದರದ್ದೂ ಒಂದು ಪುಟಾಣಿ ಹಾಳೆ ಮಡಚಿ ಸಿಕ್ಕಿಸಬಹುದು. ಇದು ನನ್ನ ಆಸೆ, ನೀನು ಬೇಕಾದರೆ ಬಿಡು.

ಕುವೆಂಪು ಅವರ ಕಿಂದರಿಜೋಗಿಯೂ ಇರಲಿ. ಜೋಗಿ ಒಬ್ಬ ಸಾಕು, ಇಲಿಗಳು ಮಾತ್ರ ಬೇಕಾದಷ್ಟು, ಒಂದರ ಹಾಗೆ ಇನ್ನೊಂದು ಇರಬಾರದು. ಟ್ರೀ ಸುತ್ತ ಮೇಲಿಂದ ಕೆಳಗೆ ಇಳಿಯಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿ. ಪುಸ್ತಕದ ಹಾಳೆ ಹರಿದು ಗುಲಾಬಿ, ಗಂಟೆ ಅಂತೆಲ್ಲ ಮಾಡುವುದು ಈಗ ಜಾಸ್ತಿಯಾಗಿದೆ. ರದ್ದಿಗೆ ಹಾಕುವ ಪುಸ್ತಕವಾದರೂ ನನಗೆ ಸೇರುವುದಿಲ್ಲ. ಬೇಕಾದ ಪುಟ ಜೆರಾಕ್ಸ್ ಮಾಡಿಸು. ಹಳೆಯ ಬಣ್ಣ ಬರಬೇಕಾದರೆ ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸು. ಜೆರಾಕ್ಸಿನ ಅಕ್ಷರ ನೀರಿಗೆ ಹರಡುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರಿನದ್ದಾದರೆ ಎಲ್ಲ ನೀಲಿ ರಾಡಿಯಾದೀತು.

ಉಪ್ಪು ಹಿಟ್ಟಿನ ಬೊಂಬೆ ಮಾಡಲೇ ಅಂತ ಕೇಳಿದ್ದೀ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಸುಮಾರು ಒಂದು ಲೋಟ ನೀರು. ಚಪಾತಿ ಹಿಟ್ಟಿಗಿಂತ ಗಟ್ಟಿ ಕಲಸಿ, ಹಸಿಯಿರುವಾಗಲೇ ದಾರಕ್ಕೆ ತೂತು ಮಾಡಿ, ಓವನ್ನಿನಲ್ಲಿ ಕಡಿಮೆ ಶಾಖದಲ್ಲಿ ಎರಡು ಮೂರು ಗಂಟೆ ಒಣಗಿಸಬೇಕು. ಆಮೇಲೆ ಎರಡೂ ಕಡೆ ವಾರ್ನಿಷ್. ಇಲ್ಲದಿದ್ದರೆ ಉಪ್ಪು ತೇವ ಎಳೆದು ಮೆತ್ತಗಾಗುತ್ತದೆ. ಆದರೆ ಭಾರ. ಗಾಳಿ ಮರದ ಗೆಲ್ಲು ತಂದು ನಿಲ್ಲಿಸುತ್ತೀರಾದರೆ ಅದರ ತುದಿ ಬಾಗಿ ನೆಲ ನೋಡುತ್ತದೆ. ಹಿಟ್ಟಿನದ್ದು ಒಂದೆರಡು ಸಾಕು, ಅದೂ ಕಾಂಡದ ಹತ್ತಿರ. ನಿಮ್ಮ ನಾಯಿಗೆ ಎಟುಕದ ಎತ್ತರದಲ್ಲಿ ಕಟ್ಟು. ಅಷ್ಟು ಉಪ್ಪು ಹೊಟ್ಟೆಗೆ ಹೋದರೆ ನಾಯಿಯ ಜೀವಕ್ಕೇ ಅಪಾಯ.

ಒಂದೇ ವರ್ಷ ಇಡೀ ಟ್ರೀ ತುಂಬಿಸುವ ಹಟ ಬೇಡ. ಉಳಿದ ಜಾಗಕ್ಕೆ ಅಂಗಡಿಯ ಗಾಜಿನ ಗುಂಡು ಇರಲಿ, ಅದರಲ್ಲೇನು ತಪ್ಪು? ಮಾಡಿದ್ದರ ಹಿಂದೆ ಪೆನ್ಸಿಲಿನಲ್ಲಿ ಪುಸ್ತಕದ ಹೆಸರು, ವರ್ಷ, ಮಾಡಿದವರ ಹೆಸರು ಬರೆಸು. ಹಬ್ಬ ಮುಗಿದ ಮೇಲೆ ಮೊಟ್ಟೆಯ ಟ್ರೇಯಲ್ಲಿ ಇಟ್ಟು, ಮುಚ್ಚಳ ಇರುವ ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸು.

ಹಿಡಿಸೂಡಿ ಕಡ್ಡಿ ಬೆಂಗಳೂರಲ್ಲಿ ಸಿಗದಿದ್ದರೆ ಹೇಳು, ಕುಕ್ಕೀಸು ಕಳಿಸುವಾಗ ಜೊತೆಗೆ ಒಂದು ಕಟ್ಟು ಇಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ