ಮೊದಲ ವಾರಗಳಲ್ಲೇ ಮಗು ಪದ ಓದಲಿ

ಮಾನ್ಯರೇ,

ಒಂದನೇ ತರಗತಿಗೆ ಹೊಸದಾಗಿ ಬರುವ ಬಹಳಷ್ಟು ಶಿಕ್ಷಕರು 49 ಅಕ್ಷರಗಳ ಬಾಯಿಪಾಠದಿಂದಲೇ ಶುರು ಮಾಡುತ್ತಾರೆ. ಮಗು 'ಅ'ದಿಂದ 'ಳ'ವರೆಗೆ ಒಪ್ಪಿಸುತ್ತದೆ. ನಡುವಿನ ಒಂದಕ್ಷರ ತೋರಿಸಿದರೆ ತಡವರಿಸುತ್ತದೆ. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ವಿಧಾನವಾದ ನಲಿ-ಕಲಿಯ ಕ್ರಮದಂತೆ ರ, ಗ, ಸ, ದ, ಅ ಮೊದಲು ಕಲಿಸಿದರೆ ಸರ, ದರ, ಅರಸ, ಗರಗಸ ಬೇಗನೆ ಓದಿಗೆ ಸಿಗುತ್ತವೆ. ಆ ಖುಷಿಯನ್ನು ತಿಂಗಳುಗಟ್ಟಲೆ ಮುಂದೂಡುವುದು ಮಗುವಿಗೆ ಅನ್ಯಾಯ.

ಕಾಗುಣಿತವೂ ಹಾಗೆಯೇ. ಇಡೀ ಬಳ್ಳಿ ಉರು ಹೊಡೆಸುವ ಬದಲು ಒಂದೇ ಚಿಹ್ನೆಯನ್ನು ಗೊತ್ತಿರುವ ಅಕ್ಷರಗಳಿಗೆ ಸೇರಿಸಿ: ರಾಗ, ದಾರ, ಸಾಗರ. ವ-ಮ, ಪ-ಷ, ದ-ಧ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ, ಆಕಾರ ಕಲಸಿಹೋಗುತ್ತದೆ.

ಹೆಚ್ಚು ಎಡವುವುದು ಅರ್ಕಾವತ್ತಿನಲ್ಲಿ, ಅಂದರೆ ಅಕ್ಷರದ ಬಲಕ್ಕೆ ಬರೆಯುವ 'ರ್' ಚಿಹ್ನೆಯಲ್ಲಿ. 'ಸೂರ್ಯ'ದಲ್ಲಿ 'ರ್' ನಾಲಿಗೆಗೆ ಮೊದಲು ಬರುತ್ತದೆ, ಕೈಗೆ ಕೊನೆಗೆ. ಅದಕ್ಕೇ ಮಕ್ಕಳು 'ಸೂಯ್ರ' ಎಂದು ಓದುವುದು. ಮೊದಲು ಚಪ್ಪಾಳೆ ತಟ್ಟಿ 'ಸೂರ್-ಯ' ಎಂದು ಬಿಡಿಸಿ ಹೇಳಿಸಿ, ಆಮೇಲೆ ಬರೆಸಿ.

ಹತ್ತು ಸಲ ನಕಲು ಬರೆಸಿದರೆ ತಪ್ಪೂ ಹತ್ತು ಸಲ ಅಭ್ಯಾಸವಾಗುತ್ತದೆ. ದಿನಕ್ಕೆ ಐದು ಪದಗಳ ಉಕ್ತಲೇಖನ ಸಾಕು. ತಿದ್ದುವಾಗ ಬರೀ ಕೆಂಪು ಗೀಟು ಎಳೆಯದೆ, ಬಿಟ್ಟುಹೋಗಿದ್ದು ದೀರ್ಘವೋ ಒತ್ತೋ ಸೊನ್ನೆಯೋ ನೋಡಿ. ಮರುದಿನದ ಪಾಠ ಅಲ್ಲಿಂದಲೇ ಶುರುವಾಗಲಿ.

– ಒಬ್ಬ ಕನ್ನಡ ಶಿಕ್ಷಕಿ