ಆಯಿಯ ಬಾಯಿಗೆ ಟಾರ್ಚ್ ಹಿಡಿದು ನೋಡಿದವರಿಗೆ

ನನ್ನ ಆಯಿಗೆ, ಅಂದರೆ ತಾಯಿಗೆ, ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಈ ತಿಂಗಳಿಗೆ ಐದು ವರ್ಷ ತುಂಬಿತು. ರೋಗ ಮರುಕಳಿಸಿದ ಗುರುತಿಲ್ಲ, ಇನ್ನು ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಎಂದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ವೈದ್ಯರು ತಿಳಿಸಿದ್ದಾರೆ. ಆಯಿಯ ಒಪ್ಪಿಗೆ ಪಡೆದು, ಮನೆಯವರೆಲ್ಲರ ಪರವಾಗಿ, ಅವಳನ್ನು ಇಲ್ಲಿಯವರೆಗೆ ತಲುಪಿಸಿದವರಿಗೆ ಕೃತಜ್ಞತೆ ಸಲ್ಲಿಸುತ್ತಿದ್ದೇನೆ. ಅವರು ಏನೇನು ಮಾಡಿದರು ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ. ಓದುವವರಲ್ಲಿ ಯಾರಿಗಾದರೂ ಅದು ಬೇಕಾಗಬಹುದು.

ಮೊದಲ ನಮಸ್ಕಾರ ನಮ್ಮೂರಿನ ಆಶಾ ಕಾರ್ಯಕರ್ತೆಗೆ. ಶಿರಸಿ ಸೀಮೆಯ ನಮ್ಮ ಕಡೆ ಊಟವಾದ ಮೇಲೆ ಕವಳ (ಎಲೆ, ಅಡಿಕೆ, ಸುಣ್ಣದ ತಾಂಬೂಲ) ಹಾಕದ ಹಿರಿಯರು ಅಪರೂಪ; ಆಯಿಗೂ ತಂಬಾಕು ಸೇರಿಸಿದ ಕವಳದ ಅಭ್ಯಾಸವಿತ್ತು. ಅಪ್ಪೆಹುಳಿ ಕುಡಿದರೆ ಎಡಗೆನ್ನೆಯ ಒಳಗೆ ಉರಿಯುತ್ತದೆ ಎಂದು ಅವಳು ಒಮ್ಮೊಮ್ಮೆ ಹೇಳುತ್ತಿದ್ದಳು. ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟಿರಬೇಕೆಂಬುದು ಅವಳ ಅಂದಾಜು. ಮೂವತ್ತು ದಾಟಿದವರ ಆರೋಗ್ಯದ ನಮೂನೆ ತುಂಬಿಸಲು ಬಂದ ಆ ಹೆಣ್ಣುಮಗಳು, ತಂಬಾಕು ಜಗಿಯುತ್ತೀರಾ, ಬಾಯಿ ಪೂರ್ತಿ ತೆರೆಯಲು ಕಷ್ಟವಾಗುತ್ತದೆಯೇ, ಎರಡು ವಾರ ಕಳೆದರೂ ಮಾಯದ ಹುಣ್ಣೋ ಮಚ್ಚೆಯೋ ಇದೆಯೇ ಎಂದು ಒಂದೊಂದಾಗಿ ಕೇಳಿ, ಉತ್ತರವನ್ನು ಬರೆದುಕೊಂಡು ಹೋಗಿ ಸುಮ್ಮನಾಗಲಿಲ್ಲ. ಮರುವಾರ ತಾವೇ ಬಂದು ಆಯಿಯನ್ನು ಉಪಕೇಂದ್ರಕ್ಕೆ ಕರೆದುಕೊಂಡು ಹೋದರು. ವೇತನವೆಂದಲ್ಲ, ಗೌರವಧನವೆಂದು ಪಡೆಯುವ ಅಲ್ಪ ಹಣಕ್ಕೆ ಅವರು ಮಾಡುವ ಕೆಲಸ ಎಷ್ಟು ದೊಡ್ಡದೆಂಬುದು ನಮ್ಮ ಮನೆಗೆ ಗೊತ್ತಿದೆ.

ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಬಳಿ ಇದ್ದದ್ದು ಕೈಗವಸು ಮತ್ತು ಟಾರ್ಚ್ ಮಾತ್ರ. ಕೆನ್ನೆಯ ಒಳಭಾಗ, ನಾಲಿಗೆಯ ಅಡಿ, ಅಂಗುಳ, ಒಸಡು ಎಲ್ಲವನ್ನೂ ನಿಧಾನವಾಗಿ ನೋಡಿದ ಅವರು, ಒರೆಸಿದರೂ ಹೋಗದ ಬಿಳಿ ಮಚ್ಚೆಯ ನಡುವೆ ಕೆಂಪಾಗಿದ್ದ ಸಣ್ಣ ಗಾಯವನ್ನು ಗುರುತಿಸಿ ಅಂದೇ ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದರು. ಆ ಗಾಯ ಆಯಿಗೆ ನೋಯುತ್ತಿರಲಿಲ್ಲ. ಬಾಯಿ ಕ್ಯಾನ್ಸರ್ ಆರಂಭದಲ್ಲಿ ಬಹಳ ಸಲ ನೋಯುವುದಿಲ್ಲವಾದ್ದರಿಂದ, ನೋವಿಗಾಗಿ ಕಾಯುವವರು ತಡವಾಗಿ ಬರುತ್ತಾರೆ. ತಿರುವನಂತಪುರದ ಸುತ್ತಮುತ್ತ 1996ರಲ್ಲಿ ಆರಂಭಗೊಂಡು 2005ರಲ್ಲಿ ಫಲಿತಾಂಶ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಹೀಗೆ ಬಾಯಿ ನೋಡಿದ್ದರಿಂದಲೇ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ಇಳಿದಿತ್ತು ಎಂಬುದನ್ನು ಓದಿದಾಗ, ಆ ಅಧಿಕಾರಿಗೆ ಇನ್ನೊಮ್ಮೆ ಕೈ ಮುಗಿಯಬೇಕೆನಿಸಿತು.

ತಾಲ್ಲೂಕು ಆಸ್ಪತ್ರೆಯ ದಂತವೈದ್ಯೆಗೆ ನಾವು ಎರಡು ಕಾರಣಕ್ಕೆ ಋಣಿಗಳು. ಗಾಯದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರೆ ರೋಗ ಹರಡುತ್ತದೆಂಬ ಭಯ ನಮ್ಮ ನೆಂಟರಲ್ಲಿ ಗಟ್ಟಿಯಾಗಿತ್ತು. ಬಯಾಪ್ಸಿಯಿಲ್ಲದೆ ರೋಗ ನಿಶ್ಚಯವಾಗುವುದಿಲ್ಲ, ಅದರಿಂದ ಬಾಯಿ ಕ್ಯಾನ್ಸರ್ ಹರಡುವುದೂ ಇಲ್ಲ ಎಂದು ಅವರು ಎಲ್ಲರನ್ನೂ ಕೂರಿಸಿಕೊಂಡು ತಿಳಿಹೇಳಿದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಬರೆದುಕೊಟ್ಟು, ನಾವು ಸಾಲಕ್ಕೆ ಕೈಯೊಡ್ಡದಂತೆ ನೋಡಿಕೊಂಡವರೂ ಅವರೇ.

ಕಿದ್ವಾಯಿಯಲ್ಲಿ ರೋಗ ಮೊದಲ ಹಂತದಲ್ಲಿದೆಯೆಂದು ತಿಳಿಯಿತು. ಗಡ್ಡೆ ಎರಡು ಸೆಂಟಿಮೀಟರ್ ಮೀರಿರಲಿಲ್ಲ, ಕುತ್ತಿಗೆಯ ಗ್ರಂಥಿಗಳಿಗೂ ಹಬ್ಬಿರಲಿಲ್ಲ. ಹಾಗಾಗಿ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯಿತು, ವಿಕಿರಣ ಚಿಕಿತ್ಸೆ ಬೇಕಾಗಲಿಲ್ಲ. ಶಸ್ತ್ರಚಿಕಿತ್ಸಕರಿಗೆ, ದಾದಿಯರಿಗೆ, ಉಳಿದುಕೊಳ್ಳಲು ಧರ್ಮಶಾಲೆಯ ದಾರಿ ತೋರಿದ ಸಮಾಜ ಕಾರ್ಯಕರ್ತರಿಗೆ ನಮ್ಮ ವಂದನೆಗಳು. ಹೊಲಿಗೆ ಮಾಗಿದ ಮೇಲೆ ಬಾಯಿ ಬಿಗಿಯದಿರಲೆಂದು ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನ ಕಳೆದಂತೆ ಒಂದೊಂದು ಕಡ್ಡಿ ಹೆಚ್ಚಿಸುವ ವ್ಯಾಯಾಮವನ್ನು ಕಲಿಸಿದ ಫಿಸಿಯೋಥೆರಪಿಸ್ಟರನ್ನು ಆಯಿ ಈಗಲೂ ನೆನೆಯುತ್ತಾಳೆ. ಗಂಜಿಯ ಜೊತೆ ತಣ್ಣನೆಯ ತಂಬುಳಿ ಮಾಡಿ ಕಳಿಸುತ್ತಿದ್ದ ನೆರೆಮನೆಯ ಅತ್ತಿಗೆಯನ್ನೂ ಅಷ್ಟೇ.

ಅಡಿಕೆ ತೋಟವನ್ನೇ ನಂಬಿದ ಮನೆಯವನಾಗಿ ಒಂದು ಮಾತನ್ನು ಹೇಳಲೇಬೇಕಾಗಿದೆ. ತಂಬಾಕಿಲ್ಲದ ಕವಳ ನಿರಪಾಯವೆಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು ಎರಡು ದಶಕಗಳ ಹಿಂದೆಯೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬೆಳೆಯ ಬೆಲೆಯ ಚಿಂತೆ ನನಗೂ ಇದೆ, ಆದರೆ ಅದಕ್ಕಾಗಿ ನಮ್ಮವರ ಬಾಯಿಯನ್ನು ನೋಡದೆ ಬಿಡಲಾಗದು. ತಂಬಾಕು ಬಿಡಲು ಬಯಸುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿಯಿದೆ.

ಕೊನೆಯದಾಗಿ ನಮ್ಮ ಕೇರಿಯ ಹೆಂಗಸರಿಗೆ ವಂದನೆ. ಆಯಿ ಮರಳಿ ಬಂದ ಮೇಲೆ ಅವರು ಅವಳನ್ನೇ ಮುಂದಿಟ್ಟುಕೊಂಡು ಉಪಕೇಂದ್ರಕ್ಕೆ ಹೋಗಿ ಬಾಯಿಯ ಜೊತೆಗೆ ಸ್ತನದ ತಪಾಸಣೆಯನ್ನೂ ಮಾಡಿಸಿಕೊಂಡರು. ಗರ್ಭಕೊರಳಿನ ತಪಾಸಣೆಗೆ ಹೆದರಿದ್ದವರ ಜೊತೆ ಆಯಿ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೂ ಹೋದಳು. ಇವೆಲ್ಲ ಮೂವತ್ತು ದಾಟಿದವರಿಗೆ ಸರ್ಕಾರದ ವತಿಯಿಂದ ಉಚಿತ. ಅವರಲ್ಲೊಬ್ಬರಿಗೆ ಕೆನ್ನೆಯಲ್ಲಿ ಕ್ಯಾನ್ಸರಿಗೆ ತಿರುಗದ ಬಿಳಿ ಮಚ್ಚೆ ಕಾಣಿಸಿತು. ಅವರು ಕವಳ ಬಿಟ್ಟಿದ್ದಾರೆ, ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹೋಗಿ ತೋರಿಸಿ ಬರುತ್ತಿದ್ದಾರೆ. ಇದನ್ನು ಇಲ್ಲಿ ಬರೆಯಲು ಒಪ್ಪಿದ್ದಕ್ಕೆ ಅವರಿಗೂ ಧನ್ಯವಾದಗಳು.