ಕಂಕುಳನ್ನೂ ನೋಡು, ಪುಟ್ಟ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹೌಸ್ ಸರ್ಜನ್ ಆಗಿ ಮೆಡಿಸಿನ್ ವಾರ್ಡಿಗೆ ಹೋಗ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಮಳೆಗಾಲ ಮುಗಿಯುವ ಹೊತ್ತು, ಜ್ವರದವರೇ ಜಾಸ್ತಿ ಇರುತ್ತಾರೆ. ಪ್ಲೇಟ್‌ಲೆಟ್ ಇಳಿದರೆ ಸಾಕು, ಎಲ್ಲರ ಬಾಯಲ್ಲೂ ಡೆಂಗ್ಯೂ. ನಾನೂ ಹಾಗೇ ಒಮ್ಮೆ ಎಡವಿದ್ದೆ.

ಹೊಲದ ಕೆಲಸದ ಅಜ್ಜಿ. ಆರು ದಿನದಿಂದ ಜ್ವರ, ತಲೆನೋವು. ಡೆಂಗ್ಯೂ ಟೆಸ್ಟ್ ನೆಗೆಟಿವ್. ಸೆರಗಿನ ಮೇಲಿಂದಲೇ ಸ್ಟೆತ್ ಇಟ್ಟು, ಹೊಟ್ಟೆ ಒತ್ತಿ ನೋಡಿ ಬಂದಿದ್ದೆ. ಮೂರನೇ ದಿನ ಮೈ ಒರೆಸುತ್ತಿದ್ದ ಸಿಸ್ಟರ್ ಕರೆದರು, "ಮೇಡಂ, ಇಲ್ಲಿ ಬೀಡಿಯಲ್ಲಿ ಸುಟ್ಟ ಹಾಗಿದೆ." ಎದೆಯ ಪಕ್ಕ, ಕಂಕುಳಿನ ಹತ್ತಿರ ಕಡಲೆಕಾಳಿನಷ್ಟು ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ಎಸ್ಕಾರ್, ಅಂದರೆ ನುಸಿಯ ಮರಿ ಕಚ್ಚಿದ ಕಡೆ ಕಟ್ಟುವ ಕಪ್ಪು ಹಕ್ಕಳೆ! ಆ ಕಡಿತದಿಂದ ಬರುವ ಜ್ವರವೇ ಸ್ಕ್ರಬ್ ಟೈಫಸ್. ಯಾಕಜ್ಜಿ ಹೇಳಲಿಲ್ಲ ಅಂದರೆ, "ನೋವೇ ಇರ್ಲಿಲ್ಲ ಕಣವ್ವ, ಏನಂತ ಹೇಳ್ಲಿ?" ಡಾಕ್ಸಿಸೈಕ್ಲಿನ್ ಕೊಟ್ಟ ಎರಡು ದಿನಕ್ಕೆ ಜ್ವರ ಇಳಿಯಿತು. ಹೆಂಗಸಾದ ನನಗೆ ಸಂಕೋಚದ ನೆಪವೂ ಇರಲಿಲ್ಲ.

ನುಸಿಯ ಮರಿ ಕಚ್ಚುವುದು ಇಂಥ ಮರೆಯ ಜಾಗದಲ್ಲೇ. ಕಂಕುಳು, ತೊಡೆಸಂದು, ಸ್ತನದ ಅಡಿ, ಸೊಂಟದ ದಾರದ ಕೆಳಗೆ, ಕಿವಿಯ ಹಿಂದೆ. ಒದ್ದೆ ಮಡಿಕೆಯಲ್ಲಿ ಹಕ್ಕಳೆ ಕಟ್ಟದೆ ಬರೀ ಸಣ್ಣ ಹುಣ್ಣಾಗಿರಬಹುದು. ಮುಟ್ಟಿದಾಗ ಒಂದು ಕಡೆ ಮಾತ್ರ ಗಂಟು ಸಿಕ್ಕಿದರೆ ಅದರ ಆಸುಪಾಸಿನಲ್ಲೇ ಹುಡುಕು. ಹಕ್ಕಳೆ ಸಿಗಲಿಲ್ಲ ಅಂತ ಕಾಯಿಲೆ ಇಲ್ಲ ಅನ್ನಬೇಡ, ಎಷ್ಟೋ ಜನರಲ್ಲಿ ಅದು ಇರುವುದೇ ಇಲ್ಲ. ಇದಕ್ಕೆ ಮಾಡಿಸುವ ವೀಲ್-ಫೆಲಿಕ್ಸ್ ರಕ್ತಪರೀಕ್ಷೆಯೂ ಮೊದಲ ವಾರ ಏನೂ ತೋರಿಸದೆ ಸುಮ್ನೆ ಇದ್ದುಬಿಡಬಹುದು.

ನೀನು ಗಂಡು ಹುಡುಗ. ಸಿಸ್ಟರ್ ಜೊತೆಗಿರಲಿ, ಸ್ಕ್ರೀನ್ ಎಳಿ, ಏನು ಹುಡುಕ್ತಿದ್ದೀನಿ ಅಂತ ಹೇಳು. ಒಪ್ಪಿದ ಮೇಲೆ ನೋಡು. ಕಾರಣ ಹೇಳಿದರೆ ಬೇಡ ಅನ್ನುವವರು ಕಡಿಮೆ.

ಗದ್ದೆಯಲ್ಲಿ ಇಳಿದವರು ಬಂದರೆ ಮೀನಖಂಡ ಒತ್ತಿ ನೋಡು. ಕಿರುಚಿಕೊಂಡರೆ, ಕಣ್ಣು ಪಿಸುರಿಲ್ಲದೆ ಕೆಂಪಗಿದ್ದರೆ, ಇಲಿಜ್ವರ ನೆನಪಿರಲಿ. ಟೈಫಾಯ್ಡಿನ ಗುಲಾಬಿ ಚುಕ್ಕೆ ಅಂತ ಪುಸ್ತಕದಲ್ಲಿ ಓದಿದ್ದೀಯಲ್ಲ, ನಮ್ಮವರ ಕಂದು ಚರ್ಮದಲ್ಲಿ ನಾನು ಕಂಡಿದ್ದು ಬೆರಳೆಣಿಕೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಮತ್ತೆ, ಮೊಬೈಲ್ ಟಾರ್ಚ್ ಹಿಡಿಯಬೇಡ. ಫೋಟೊ ತೆಗೀತಾನೇನೋ ಅಂತ ಹೆಂಗಸರು ಗಾಬರಿಯಾಗ್ತಾರೆ. ನಿಮ್ಮಮ್ಮನ ಕೈಲಿ ನನ್ನ ಪೆನ್ ಟಾರ್ಚ್ ಕಳಿಸಿದ್ದೀನಿ, ಸೆಲ್ ಹೊಸದು.

ಇಂತಿ,
ದೊಡ್ಡಮ್ಮ